ಪಿಕಪ್ ಟೈರ್ ಒಂದೇ ಕಡೆ ತಿನ್ನುತ್ತಿದೆಯಾ? ಅಲೈನ್‌ಮೆಂಟ್ ಕೊನೆಗೆ ಮಾಡಿಸಿ

ಪೀಣ್ಯದಲ್ಲಿ ನನ್ನದು ಟೈರ್ ಮತ್ತು ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳ ಓರೆ ಸರಿಪಡಿಸುವ ಅಂಗಡಿ. ಬರುವ ಗಾಡಿಗಳಲ್ಲಿ ಪಿಕಪ್‌ಗಳೇ ಜಾಸ್ತಿ. ಬೊಲೆರೊ, ದೋಸ್ತ್, ಇಂಟ್ರಾ, ಯೋಧ. ಫ್ಯಾಕ್ಟರಿಗೆ ಕಬ್ಬಿಣದ ರಾಡ್ ಹೊರುವವು ಕೆಲವು, ಯಶವಂತಪುರ ಯಾರ್ಡ್‌ನಿಂದ ಈರುಳ್ಳಿ ಮೂಟೆ ಹೊರುವವು ಇನ್ನು ಕೆಲವು. ಡ್ರೈವರ್ ಇಳಿದ ಕೂಡಲೇ ಹೇಳುವ ಮಾತು ಮಾತ್ರ ಒಂದೇ: "ಅಣ್ಣ, ಟೈರ್ ತಿಂತಾ ಇದೆ, ಅಲೈನ್‌ಮೆಂಟ್ ಮಾಡ್ಬಿಡಿ."

ಮಾಡಿದರೆ ನನಗೇ ದುಡ್ಡು. ಆದರೂ ಹೇಳುತ್ತೇನೆ, ಅದು ಕೊನೆಯ ಕೆಲಸ. ಕೆಳಗಡೆ ಯಾವುದೋ ಸಾಮಾನು ಲೂಸ್ ಇದ್ದರೆ, ಮಷಿನ್ ತೋರಿಸುವ ನಂಬರ್ ಗಾಡಿ ನಿಂತಿರುವಾಗ ಮಾತ್ರ ಸರಿ. ಗೇಟ್ ದಾಟಿ ಮೊದಲ ಹಂಪ್ ಹತ್ತಿ ಇಳಿದರೆ ಆ ನಂಬರ್ ಅಲ್ಲೇ ಇರುತ್ತದೆ ಅಂತ ಯಾರೂ ಹೇಳಲಾರರು. ಹಾಗಾಗಿ ಮೊದಲು ಟೈರ್ ನೋಡಿ, ಆಮೇಲೆ ಗಾಳಿ, ಆಮೇಲೆ ಕೆಳಗಿನ ಸಾಮಾನು. ಅಲೈನ್‌ಮೆಂಟ್ ಇದೆಲ್ಲ ಆದ ಮೇಲೆ. ನೋಡುವ ಕೆಲಸದಲ್ಲಿ ಮುಕ್ಕಾಲು ಪಾಲು ನೀವೇ ಮನೆ ಮುಂದೆ ಮಾಡಿಕೊಳ್ಳಬಹುದು.

ಮೊದಲು ಅಳತೆ

ಟೈರ್ ತಿನ್ನುತ್ತಿದೆ ಅಂತ ಗೊತ್ತಾದ ಕೂಡಲೇ ಸುಮಾರು ಜನ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸಿಬಿಡುತ್ತಾರೆ. ದಯವಿಟ್ಟು ಬೇಡ. ಯಾವ ಟೈರ್ ಯಾವ ಜಾಗದಲ್ಲಿ ಓಡಿ ಸವೆದಿದೆ ಅನ್ನುವುದೇ ನಮಗಿರುವ ಸಾಕ್ಷಿ. ಅದನ್ನು ಅದಲು ಬದಲು ಮಾಡಿ ಅಂಗಡಿಗೆ ಬಂದರೆ ನಾವು ಏನು ಅಂತ ಹೇಳೋದು?

ಒಂದು ಸೀಮೆಸುಣ್ಣ, ಅಳತೆಗೆ ಒಂದು ವರ್ನಿಯರ್ ಕ್ಯಾಲಿಪರ್ ತೆಗೆದುಕೊಳ್ಳಿ. ಪೀಣ್ಯದಲ್ಲಿ ವರ್ನಿಯರ್ ಇಲ್ಲದ ಶೆಡ್ ಇಲ್ಲ, ಪಕ್ಕದವರನ್ನು ಕೇಳಿದರೆ ಕೊಡುತ್ತಾರೆ. ವರ್ನಿಯರ್ ಹಿಂಬದಿಯಲ್ಲಿ ಒಂದು ತೆಳು ಕಡ್ಡಿ ಹೊರಬರುತ್ತದಲ್ವಾ, ಅದೇ ಆಳ ಅಳೆಯುವ ಕಡ್ಡಿ. ಟೈರಿನ ಬಟನ್, ಅಂದರೆ ರಸ್ತೆಗೆ ತಾಗುವ ಎದ್ದ ರಬ್ಬರ್, ಅದರ ನಡುವಿನ ಕಾಲುವೆಗೆ ಕಡ್ಡಿ ಇಳಿಸಿ. ಒಳಗಡೆ ಒಂದು, ನಡುವೆ ಒಂದು, ಹೊರಗಡೆ ಒಂದು ಅಳತೆ. ಟೈರ್ ಮೈ ಮೇಲೇ ಬರೆಯಿರಿ. ಗಾಡಿಯನ್ನು ಅರ್ಧ ಸುತ್ತು ಮುಂದೆ ತಳ್ಳಿ, ಇನ್ನೊಂದು ಜಾಗದಲ್ಲಿ ಮತ್ತೆ ಮೂರು ಅಳತೆ. ನಾಲ್ಕೂ ಚಕ್ರ ಆದ ಮೇಲೆ ಫೋನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ.

ಅಳೆಯುವಾಗ ಕಾಲುವೆ ಒಳಗೆ ಅಡ್ಡಲಾಗಿ ಎದ್ದಿರುವ ಸಣ್ಣ ರಬ್ಬರ್ ದಿಣ್ಣೆ ಮೇಲೆ ಕಡ್ಡಿ ಇಡಬೇಡಿ. ಅದು ಟಿಡಬ್ಲ್ಯುಐ, ಅಂದರೆ ಟೈರ್ ಎಷ್ಟು ಸವೆದಿದೆ ಅಂತ ತೋರಿಸುವ ಗುರುತು. 1.6 ಮಿ.ಮೀ. ಎತ್ತರ ಇರುತ್ತದೆ. ಬಟನ್ ಸವೆದು ಅದರ ಸಮಕ್ಕೆ ಬಂತು ಅಂದರೆ ಆ ಟೈರ್ ಮುಗಿಯಿತು. ಬರೀ ಒಳ ಅಂಚು ಮಾತ್ರ ಆ ಮಟ್ಟಕ್ಕೆ ಬಂದು ಹೊರಗೆ ಬಟನ್ ಚೆನ್ನಾಗಿದ್ದರೂ ಲೆಕ್ಕ ಅದೇ. ಹೊರಗಿನಿಂದ ನೋಡಿ "ಇನ್ನೂ ಓಡುತ್ತೆ ಬಿಡಿ" ಅನ್ನುವವರು ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಬಗ್ಗಿ ಒಳ ಅಂಚು ನೋಡಬೇಕು. ಟೈರ್ ಒಳಗಿನ ತಂತಿ ಗೊತ್ತಾಗದೆ ಹೊರಬರುವುದು ಹೆಚ್ಚಾಗಿ ಅಲ್ಲೇ.

ಎಡ ಬಲಕ್ಕೆ ಅರ್ಧ ಮಿ.ಮೀ. ಹೆಚ್ಚು ಕಮ್ಮಿ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಟೈರಿನ ಒಳಗೂ ಹೊರಗೂ ಎರಡು ಮಿ.ಮೀ. ವ್ಯತ್ಯಾಸ ಇದ್ದರೆ ಮುಂದೆ ಓದಿ.

ಗಾಳಿಯ ವಿಷಯ ಬೇಗ ಮುಗಿಸೋಣ

ಎರಡೂ ಅಂಚು ಸವೆದು ನಡು ಎದ್ದು ನಿಂತಿದ್ದರೆ ಗಾಳಿ ಕಮ್ಮಿ, ಇಲ್ಲವೇ ಲೋಡ್ ಜಾಸ್ತಿ. ನಡು ಸವೆದು ಅಂಚು ಚೆನ್ನಾಗಿದ್ದರೆ ಗಾಳಿ ಜಾಸ್ತಿ. ಇದು ಎಲ್ಲರಿಗೂ ಗೊತ್ತು. ಪಿಕಪ್‌ನಲ್ಲಿ ತೊಡಕು ಏನಂದರೆ, ಹೋಗುವಾಗ ಲೋಡ್ ಇರುತ್ತದೆ, ಬರುವಾಗ ಖಾಲಿ. ಲೋಡಿಗೆ ಅಂತ ಹಿಂದಿನ ಚಕ್ರಕ್ಕೆ ಹೊಡೆಸಿದ ಗಾಳಿ ಖಾಲಿ ಗಾಡಿಗೆ ಜಾಸ್ತಿಯಾಗುತ್ತದೆ. ಅದಕ್ಕೇ ಹಿಂದಿನ ಟೈರ್ ನಡುವೆ ಸ್ವಲ್ಪ ಮೊದಲು ಸವೆಯುತ್ತದೆ. ಅದನ್ನು ಸಹಿಸಿಕೊಳ್ಳಿ ಅಂತಲೇ ನನ್ನ ಮಾತು. ನಡು ಉಳಿಸಲು ಹೋಗಿ ಗಾಳಿ ಇಳಿಸಿ, ಆಮೇಲೆ ಲೋಡ್ ಹಾಕಿಕೊಂಡು ನೈಸ್ ರೋಡಲ್ಲಿ ಬಿಸಿಲಿಗೆ ಓಡಿಸಿದರೆ ಟೈರ್ ಪಕ್ಕೆ ಮಡಿಚಿ ಮಡಿಚಿ ಕಾಯುತ್ತದೆ, ಬರ್ಸ್ಟ್ ಆಗುತ್ತದೆ.

ಎಷ್ಟು ಗಾಳಿ ಅನ್ನುವುದು ಬಾಗಿಲ ಪಕ್ಕದ ಸ್ಟಿಕರ್‌ನಲ್ಲೋ ಗಾಡಿ ಪುಸ್ತಕದಲ್ಲೋ ಇರುತ್ತದೆ. ಟೈರ್ ಮೈ ಮೇಲೆ ಬರೆದಿರುವುದು ಆ ಟೈರ್ ತಡೆಯುವ ಮಿತಿ, ಅದನ್ನೇ ಹೊಡೆಸಬೇಡಿ. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿರುವಾಗ ನೋಡಬೇಕು. ಓಡಿ ಬಂದ ಬಿಸಿ ಟೈರಲ್ಲಿ ಕೆಲವು ಪಾಯಿಂಟ್ ಜಾಸ್ತಿ ತೋರಿಸುತ್ತದೆ, ಅದನ್ನು ನೋಡಿ ಗಾಳಿ ಬಿಡಬಾರದು. ಸ್ವಂತ ಗೇಜ್ ಒಂದು ಇಟ್ಟುಕೊಂಡರೆ ಒಳ್ಳೆಯದು. ಬಂಕ್‌ನಿಂದ ಬಂಕ್‌ಗೆ ನಂಬರ್ ಬೇರೆ ಬೇರೆ ಬರುತ್ತದೆ.

ಕೈ ಆಡಿಸಿ ನೋಡಿ

ಒಂದೇ ಅಂಚು ಸವೆದಿದೆ ಅಂತಿಟ್ಟುಕೊಳ್ಳಿ. ಈಗ ಕಣ್ಣಿಗಿಂತ ಅಂಗೈ ಚೆನ್ನಾಗಿ ಹೇಳುತ್ತದೆ. ಮೊದಲು ಬಟ್ಟೆಯಲ್ಲಿ ಒರೆಸಿ, ತಂತಿ ಎದ್ದಿದೆಯಾ ನೋಡಿಕೊಳ್ಳಿ. ಎದ್ದಿದ್ದರೆ ಕೈ ಹಾಕಬೇಡಿ, ಬ್ಲೇಡಿಗಿಂತ ಚೂಪಾಗಿರುತ್ತದೆ. ಇಲ್ಲದಿದ್ದರೆ ಅಂಗೈಯನ್ನು ಟೈರ್ ಮೇಲೆ ಅಡ್ಡಲಾಗಿ ಜಾರಿಸಿ. ಹೊರ ಅಂಚಿನಿಂದ ಇಂಜಿನ್ ಕಡೆಗೆ ಒಮ್ಮೆ, ಇಂಜಿನ್ ಕಡೆಯಿಂದ ಹೊರಕ್ಕೆ ಒಮ್ಮೆ.

ಮೀನಿನ ಮೈ ಸವರಿದ ಹಾಗೆ ಒಂದು ಕಡೆ ನುಣ್ಣಗೆ ಜಾರಿ, ಇನ್ನೊಂದು ಕಡೆ ಚುಚ್ಚಿದರೆ ಟೈರ್ ನೇರವಾಗಿ ಉರುಳುತ್ತಿಲ್ಲ, ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತಿದೆ ಅಂತ ಅರ್ಥ. ಇದು ಟೋ ತಪ್ಪಿರುವ ಲಕ್ಷಣ. ಟೋ ಅಂದರೆ ಎರಡು ಚಕ್ರದ ನಡುವಿನ ದೂರ ಮುಂಭಾಗದಲ್ಲೂ ಹಿಂಭಾಗದಲ್ಲೂ ಅಳೆದಾಗ ಬರುವ ವ್ಯತ್ಯಾಸ. ಒಳಕ್ಕೆ ಜಾರಿಸುವಾಗ ನುಣುಪು, ಹೊರಕ್ಕೆ ಎಳೆಯುವಾಗ ಚುಚ್ಚು ಇದ್ದರೆ ಟೋ ಇನ್ ಜಾಸ್ತಿ, ಅಂದರೆ ಎರಡು ಚಕ್ರದ ಮೂತಿ ಒಳಕ್ಕೆ ತಿರುಗಿದೆ. ಹೊರ ಅಂಚು ಬೇಗ ಹೋಗುತ್ತದೆ. ಉಲ್ಟಾ ಇದ್ದರೆ ಟೋ ಔಟ್, ಒಳ ಅಂಚು ಹೋಗುತ್ತದೆ. ಟೋ ತಪ್ಪಿದರೆ ಸಾಮಾನ್ಯವಾಗಿ ಎರಡೂ ಮುಂದಿನ ಟೈರ್ ಒಟ್ಟಿಗೇ ಸವೆಯುತ್ತವೆ.

ಇದೊಂದು ಲೆಕ್ಕ ಹೇಳಿದರೆ ಓನರ್‌ಗಳು ಫೋನ್ ಕೆಳಗಿಟ್ಟು ಕೇಳುತ್ತಾರೆ. ಟೈರ್ ಎತ್ತರ ಸುಮಾರು 70 ಸೆಂ.ಮೀ. ಅಂತಿಟ್ಟುಕೊಳ್ಳಿ. ಟೋ 6 ಮಿ.ಮೀ. ತಪ್ಪಿದೆ. ಎರಡು ಚಕ್ರ ಅದನ್ನು ಹಂಚಿಕೊಂಡರೆ, ಒಂದೊಂದು ಟೈರೂ ಪ್ರತಿ ಕಿಲೋಮೀಟರಿಗೆ ನಾಲ್ಕು ಮೀಟರಿಗಿಂತ ಜಾಸ್ತಿ ಅಡ್ಡಕ್ಕೆ ಉಜ್ಜಿಕೊಳ್ಳುತ್ತದೆ. ಪೀಣ್ಯದಿಂದ ತುಮಕೂರು ಸುಮಾರು 60 ಕಿ.ಮೀ. ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಟೈರನ್ನು ಕಾಲು ಕಿಲೋಮೀಟರ್ ಅಡ್ಡಡ್ಡ ಎಳೆದ ಲೆಕ್ಕ. ವಾಪಸ್ ಬರುವಾಗ ಇನ್ನೊಂದು ಕಾಲು ಕಿಲೋಮೀಟರ್.

ಅಂಚು ಸವೆದಿದೆ, ಆದರೆ ಯಾವ ಕಡೆ ಸವರಿದರೂ ನುಣುಪಾಗಿಯೇ ಇದೆ ಅಂದರೆ ಕ್ಯಾಂಬರ್ ಕಡೆ ನೋಡಬೇಕು. ಚಕ್ರ ಮೇಲಿನಿಂದ ಒಳಕ್ಕೋ ಹೊರಕ್ಕೋ ವಾಲಿದೆ. ಅದೂ ಒಂದೇ ಚಕ್ರದಲ್ಲಿ ಇದ್ದರೆ ಆ ಕಡೆ ಏನೋ ಬಾಗಿದೆ, ಇಲ್ಲಾ ಲೂಸ್ ಆಗಿದೆ.

ಟೈರ್ ಸುತ್ತಲೂ ಅಲ್ಲಲ್ಲಿ ಹಳ್ಳ ಬಿದ್ದು, ಏರು ತಗ್ಗು ಸಿಕ್ಕಿದರೆ ಶಾಕಪ್ (ಶಾಕ್ ಅಬ್ಸಾರ್ಬರ್) ಹೋಗಿರಬಹುದು. ಚಕ್ರ ನೆಲ ಬಿಟ್ಟು ಕುಣಿಯುತ್ತಿರುತ್ತದೆ. ಬ್ಯಾಲೆನ್ಸಿಂಗ್ ಇಲ್ಲದಿದ್ದರೂ, ಬೇರಿಂಗ್ ಲೂಸ್ ಇದ್ದರೂ ಹೀಗಾಗುತ್ತದೆ. ಶಾಕಪ್ ಮೈ ಮೇಲೆ ಎಣ್ಣೆ ಇಳಿದು ಧೂಳು ಅಂಟಿಕೊಂಡಿದ್ದರೆ ಇನ್ನು ಯೋಚನೆ ಬೇಡ. ಒಂದೇ ಜಾಗದಲ್ಲಿ ಮಾತ್ರ ಚಪ್ಪಟೆ ಆಗಿದ್ದರೆ ಯಾವಾಗಲೋ ಬ್ರೇಕ್ ಹಿಡಿದು ಚಕ್ರ ಜಾರಿದೆ. ಪಕ್ಕೆ ಮೇಲೆ ಅಥವಾ ಬಟನ್ ಮೇಲೆ ಉಬ್ಬು ಕಂಡರೆ ಕಾರಣ ಹುಡುಕುವ ಮುಂಚೆ ಆ ಟೈರ್ ಬಿಚ್ಚಿ ಪಕ್ಕಕ್ಕಿಡಿ.

ಎರಡೂ ಮುಂದಿನ ಟೈರಿನ ಹೊರ ಅಂಚು ದುಂಡಗೆ ಸವೆದು, ಗಾಳಿ, ಟೋ ಎರಡೂ ಸರಿಯಿದ್ದರೆ? ಡ್ರೈವರನ್ನು ಎಲ್ಲಿ ಓಡಿಸುತ್ತೀಯಾ ಅಂತ ಕೇಳಿ. ಚಿಕ್ಕಪೇಟೆ, ಕಲಾಸಿಪಾಳ್ಯದ ಗಲ್ಲಿಗಳಲ್ಲಿ ದಿನವಿಡೀ ಪೂರ್ತಿ ಸ್ಟೀರಿಂಗ್ ಮುರಿದು ತಿರುಗಿಸುವ ಗಾಡಿಗಳಿಗೆ ಇದು ಮಾಮೂಲು. ಪವರ್ ಸ್ಟೀರಿಂಗ್ ಬಂದ ಮೇಲೆ ನಿಂತಲ್ಲೇ ತಿರುಗಿಸುವುದೂ ಜಾಸ್ತಿಯಾಗಿದೆ. ಗಾಡಿ ಒಂದು ಅಡಿ ಉರುಳುತ್ತಿರುವಾಗ ತಿರುಗಿಸಿದರೆ ಟೈರ್ ಎಷ್ಟೋ ಉಳಿಯುತ್ತದೆ. ಹೇಳಿದರೆ ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಜಾಕಿ ಹಾಕಿ ಅಲ್ಲಾಡಿಸಿ

ಇಲ್ಲಿಂದ ಮುಂದಕ್ಕೆ ಒಬ್ಬರು ಜೊತೆಗಿರಬೇಕು. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಬರೀ ಜಾಕಿ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಇಡಿ.

ತಿಪಟೂರಿನಿಂದ ಕೊಬ್ಬರಿ ತರುವ ಒಂದು ಪಿಕಪ್ ನೋಡಿದ್ದು ಹೇಳುತ್ತೇನೆ. ಮುಂದಿನ ಎಡ ಚಕ್ರದ ಒಳ ಅಂಚು ತಂತಿ ಬಂದುಬಿಟ್ಟಿತ್ತು. ಹೊರಗೆ ಬಟನ್ ಹೊಸದರ ಹಾಗೇ ಇತ್ತು. "ಬೇರೆ ಕಡೆ ಅಲೈನ್‌ಮೆಂಟ್ ಮಾಡಿಸಿದೀನಿ ಸಾರ್, ಪ್ರಿಂಟ್ ಇದೆ ನೋಡಿ" ಅಂತ ಹುಡುಗ ಕಾಗದ ತೆಗೆದ. ಎಲ್ಲಾ ಹಸಿರು, ಅಂದರೆ ಎಲ್ಲಾ ಅಳತೆ ಸರಿ. ಓನರ್ ಫೋನಲ್ಲಿ, "ಹೊಸ ಟೈರ್ ಹಾಕಿ ಕಳಿಸ್ರೀ, ಲೋಡ್ ಕಾಯ್ತಾ ಇದೆ" ಅನ್ನುತ್ತಿದ್ದರು.

ಅದು ಮುಂದೆಯೂ ಪ್ಲೇಟ್ (ಪಟ್ಟಿ ಸ್ಪ್ರಿಂಗ್) ಮೇಲೆ ನಿಂತಿರುವ, ಇಡೀ ಆಕ್ಸಲ್ ಇರುವ ಗಾಡಿ. ಆಕ್ಸಲ್‌ಗೇ ಜಾಕಿ ಕೊಟ್ಟು ಚಕ್ರ ಎತ್ತಿದೆವು. ಒಂದು ಕೈ ಟೈರ್ ಮೇಲೆ, ಒಂದು ಕೈ ಕೆಳಗೆ, ಗಡಿಯಾರದಲ್ಲಿ 12 ಮತ್ತು 6 ಇರುವ ಜಾಗದಲ್ಲಿ ಹಿಡಿದು, ಮೇಲಿನದನ್ನು ತಳ್ಳಿ ಕೆಳಗಿನದನ್ನು ಎಳೆದೆ. ಟಕ್ ಅಂತು. ಮತ್ತೆ ಉಲ್ಟಾ, ಮತ್ತೆ ಟಕ್. ಆಟ ಇದೆ, ಅಂದರೆ ಲೂಸ್. ಆದರೆ ಬೇರಿಂಗೋ, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವುದರ ಮೇಲೆ ತಿರುಗುತ್ತದೋ ಆ ಕಿಂಗ್ ಪಿನ್ನೋ? "ಬ್ರೇಕ್ ಒತ್ತಿ ಹಿಡ್ಕೊ, ಬಿಡ್ಬೇಡ" ಅಂದೆ. ಹುಡುಗ ಒತ್ತಿದ. ಮತ್ತೆ ಅಲ್ಲಾಡಿಸಿದೆ. ಟಕ್ ನಿಲ್ಲಲಿಲ್ಲ.

ಬ್ರೇಕ್ ಹಿಡಿದಾಗ ಡ್ರಮ್ಮೂ, ಚಕ್ರ ಕೂರುವ ಗಿಡ್ಡ ಆಕ್ಸಲ್ ಆದ ಸ್ಟಬ್ ಆಕ್ಸಲ್ಲೂ ಒಂದಾಗುತ್ತವೆ. ಬೇರಿಂಗಿನ ಆಟ ಅಲ್ಲಿಗೆ ನಿಲ್ಲಬೇಕು. ನಿಲ್ಲದಿದ್ದರೆ ಆಟ ಇರುವುದು ಅದರ ಹಿಂದೆ, ಕಿಂಗ್ ಪಿನ್ನಲ್ಲಿ. ಟಾರ್ಚ್ ಬಿಟ್ಟು, ಆಕ್ಸಲ್ ಮತ್ತು ಸ್ಟಬ್ ಆಕ್ಸಲ್ ಸೇರುವ ಸಂದಿಗೆ ಬೆರಳಿಟ್ಟರೆ ಅದು ತೆರೆದು ಮುಚ್ಚುವುದು ಬೆರಳಿಗೇ ತಿಳಿಯುತ್ತಿತ್ತು. ಪಿನ್ ಸುತ್ತಲಿನ ಬುಷ್ ಪೂರ್ತಿ ಸವೆದಿತ್ತು. ಲೋಡ್ ಬಿದ್ದಾಗ ಚಕ್ರ ಮೇಲಿನಿಂದ ಒಳಕ್ಕೆ ವಾಲುತ್ತದೆ, ಒಳ ಅಂಚಿನ ಮೇಲೆ ಓಡುತ್ತದೆ. ಆ ಹುಡುಗನ ಕೈಯಿಂದಲೇ ಅಲ್ಲಾಡಿಸಿ ಓನರ್‌ಗೆ ವೀಡಿಯೊ ಕಳಿಸಿದ ಮೇಲೆ ಕಿಂಗ್ ಪಿನ್ ಸೆಟ್ಟಿಗೆ ಒಪ್ಪಿದರು.

ಕಿಂಗ್ ಪಿನ್ ಸಾಯುವುದು ಮುಖ್ಯವಾಗಿ ಗ್ರೀಸ್ ಇಲ್ಲದೆ. ವಾಟರ್ ಸರ್ವಿಸ್‌ನಲ್ಲಿ ಜೋರು ನೀರು ಹೊಡೆಸುತ್ತಾರೆ, ಗ್ರೀಸ್ ತೊಳೆದು ಹೋಗುತ್ತದೆ, ಮತ್ತೆ ತುಂಬಿಸುವುದಿಲ್ಲ. ನೀರು ಹೊಡೆಸಿದ ದಿನವೇ ಗ್ರೀಸ್ ಹೊಡೆಸಿ. ಚಕ್ರ ಎತ್ತಿ ಹೊಡೆಸಿದರೆ ಭಾರ ಬೀಳುವ ಜಾಗಕ್ಕೂ ಗ್ರೀಸ್ ಹೋಗುತ್ತದೆ.

ಮುಂದೆ ಇಡೀ ಆಕ್ಸಲ್ ಇಲ್ಲದೆ, ಎರಡು ಚಕ್ರ ಬೇರೆ ಬೇರೆ ಕುಣಿಯುವ ಗಾಡಿಯಾದರೆ ಕಿಂಗ್ ಪಿನ್ ಬದಲು ಬಾಲ್ ಜಾಯಿಂಟ್ ಇರುತ್ತದೆ. ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್ (ಸ್ಪ್ರಿಂಗ್ ಕೆಲಸ ಮಾಡುವ ತಿರುಚುವ ಸರಳು) ಚಕ್ರ ಹಿಡಿಯುವ ಕೆಳಗಿನ ಆರ್ಮ್‌ಗೆ ಕೂತಿದ್ದರೆ ಜಾಕಿಯನ್ನು ಆ ಆರ್ಮ್‌ಗೇ ಕೊಡಬೇಕು. ಚಾಸಿಸ್‌ಗೆ ಕೊಟ್ಟು ಎತ್ತಿದರೆ ಸ್ಪ್ರಿಂಗ್ ಒತ್ತಡದಲ್ಲಿ ಜಾಯಿಂಟ್ ಬಿಗಿಯಾಗಿ ಕೂರುತ್ತದೆ, ಆಟ ಗೊತ್ತಾಗುವುದಿಲ್ಲ.

ಈಗ ಕೈಗಳನ್ನು ಗಡಿಯಾರದ 9 ಮತ್ತು 3ರ ಜಾಗಕ್ಕೆ ತನ್ನಿ. ಎಡ ಬಲ ಅಲ್ಲಾಡಿಸಿ. ಇಲ್ಲಿ ಆಟ ಇದ್ದರೆ ಟೈ ರಾಡ್ ಎಂಡ್, ಅಂದರೆ ಚಕ್ರ ತಿರುಗಿಸುವ ರಾಡಿನ ತುದಿಯ ಜಾಯಿಂಟ್ ಕಡೆ ಅನುಮಾನ. ಚಕ್ರ ಕೆಳಗಿಳಿಸಿ, ಜೊತೆಯವರಿಗೆ ಸ್ಟೀರಿಂಗ್ ಸ್ವಲ್ಪ ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸಲು ಹೇಳಿ, ನೀವು ರಾಡ್ ಎಂಡ್ ಮೇಲೆ ಕೈಯಿಡಿ. ರಾಡ್ ಮೊದಲು ಸರಿದು ಚಕ್ರ ಆಮೇಲೆ ತಿರುಗಿದರೆ ಅದು ಹೋಗಿದೆ. ರಬ್ಬರ್ ಬೂಟ್ ಹರಿದು ಮಣ್ಣು ತುಂಬಿದ್ದರೆ ಇಂದಲ್ಲ ನಾಳೆ ಹೋಗುತ್ತದೆ.

ಚಕ್ರ ಮತ್ತೆ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ಗರಗರ ಅಂದರೆ ಬೇರಿಂಗ್. ತಿರುಗಲು ಒದ್ದಾಡಿದರೆ ಬ್ರೇಕ್ ಹಿಡಿದುಕೊಂಡಿದೆ. ಓಡಿಸಿ ಬಂದ ಮೇಲೆ ಡ್ರಮ್ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೂ ತಿಳಿಯುತ್ತದೆ. ಮೂರು ಚಕ್ರ ಸುಮ್ನಿದ್ದು ಒಂದು ಮಾತ್ರ ಚೊಯ್ ಅಂದರೆ ಅದೇ ಕಳ್ಳ.

ಹಿಂದಿನ ಚಕ್ರ ಯಾರೂ ನೋಡುವುದಿಲ್ಲ

ಹಿಂದೆ ಇಡೀ ಹೌಸಿಂಗ್ (ಆಕ್ಸಲ್ ಕೂರುವ ಕಬ್ಬಿಣದ ಕವಚ) ಇರುವುದರಿಂದ ಅಲ್ಲಿ ಟೋ, ಕ್ಯಾಂಬರ್ ತಿರುಗಿಸಲು ಬೋಲ್ಟ್ ಇಲ್ಲ. ಅದಕ್ಕೇ ಎಷ್ಟೋ ಕಡೆ ಹಿಂದಕ್ಕೆ ಸೆನ್ಸರ್ ಕೂಡ ಹಾಕುವುದಿಲ್ಲ. ಆದರೆ ಲೋಡ್ ಹೊರುವುದು ಅದೇ.

ಹಿಂದಿನ ಎರಡೂ ಟೈರಿನ ಒಳ ಅಂಚು ಮಾತ್ರ ಹೋಗುತ್ತಿದ್ದರೆ ಓವರ್‌ಲೋಡ್‌ಗೆ ಹೌಸಿಂಗ್ ಬಾಗಿರುವ ಸಾಧ್ಯತೆ ಇದೆ. ಇದು ಅಂಗಡಿಯಲ್ಲಿ ಅಳತೆ ಹಿಡಿದು ನೋಡಬೇಕಾದ ಕೆಲಸ.

ಇನ್ನೊಂದು ಕಾಯಿಲೆ ಜಾಸ್ತಿ ಕಾಣುವುದು, ಸೆಂಟರ್ ಬೋಲ್ಟ್ ಕಟ್ ಆಗುವುದು. ಪ್ಲೇಟುಗಳನ್ನೆಲ್ಲ ಒಟ್ಟಿಗೆ ಹಿಡಿದು ಆಕ್ಸಲ್ ಜಾಗ ತಪ್ಪದಂತೆ ನೋಡುವ ಬೋಲ್ಟ್ ಅದು. ಪ್ಲೇಟನ್ನು ಆಕ್ಸಲ್‌ಗೆ ಬಿಗಿದಿರುವ ಯು ಬೋಲ್ಟ್ ಲೂಸ್ ಆದರೆ ಹೊಡೆತವೆಲ್ಲ ಸೆಂಟರ್ ಬೋಲ್ಟ್ ಮೇಲೆ ಬೀಳುತ್ತದೆ, ಅದು ತುಂಡಾಗುತ್ತದೆ. ಆಮೇಲೆ ಆಕ್ಸಲ್ ಒಂದು ಕಡೆ ಹಿಂದಕ್ಕೆ ಸರಿದು ಗಾಡಿ ಸೊಟ್ಟ ಓಡುತ್ತದೆ. ಡ್ರೈವರ್ ನೇರ ಹೋಗಲು ಸ್ಟೀರಿಂಗ್ ಯಾವಾಗಲೂ ಸ್ವಲ್ಪ ಒಂದು ಕಡೆ ಹಿಡಿದಿರುತ್ತಾನೆ. ಮುಂದಿನ ಟೈರ್ ಸವೆಯುತ್ತದೆ, ಕಾಯಿಲೆ ಇರುವುದು ಹಿಂದೆ.

ನೋಡುವುದು ಸುಲಭ. ಸ್ಟೀರಿಂಗ್ ನೇರ ಇಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪ್ ಹಿಡಿಯಿರಿ. ಎಡದಲ್ಲಿ ಒಂದು, ಬಲದಲ್ಲಿ ಒಂದು. ಕೆಲವು ಮಿ.ಮೀ. ಹೆಚ್ಚು ಕಮ್ಮಿ ಟೇಪಿನದೇ ಇರಬಹುದು. ಒಂದು ಸೆಂ.ಮೀ. ದಾಟಿದರೆ ಪ್ಲೇಟ್ ಬಿಚ್ಚಿಸಿ ನೋಡಿ. ಟೇಪ್ ಇಲ್ಲವಾ? ನೀರಿನ ಟ್ಯಾಂಕರ್ ಚೆಲ್ಲಿಕೊಂಡು ಹೋದ ಜಾಗ ನಮ್ಮೂರಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಅದರ ಮೇಲೆ ಹಾಯಿಸಿ, ಒಣ ರಸ್ತೆಯಲ್ಲಿ ನೇರವಾಗಿ ಸ್ವಲ್ಪ ದೂರ ಹೋಗಿ, ಇಳಿದು ಗುರುತು ನೋಡಿ. ಹಿಂದಿನ ಚಕ್ರದ ಗುರುತು ಮುಂದಿನದರ ಮೇಲೆ ಎಡಕ್ಕೂ ಬಲಕ್ಕೂ ಒಂದೇ ಥರ ಕೂರಬೇಕು. ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ ಬಿದ್ದಿದ್ದರೆ ಆಕ್ಸಲ್ ಸರಿದಿದೆ.

ಎಡಗಡೆ ಸಾಮಾನು ಬೇಗ ಹೋಗುವುದಕ್ಕೆ ನಮ್ಮ ರಸ್ತೆಗಳೂ ಕಾರಣ. ಹಂಪ್ ತಪ್ಪಿಸಲು ಎಡ ಚಕ್ರವನ್ನು ಮೋರಿ ಅಂಚಿಗೆ ಇಳಿಸುತ್ತಾರೆ. ವೈಟ್ ಟಾಪಿಂಗ್ ಆದ ರಸ್ತೆಯಲ್ಲಿ ಕಾಂಕ್ರೀಟ್ ಅಂಚು ಮುಗಿಯುವ ಕಡೆ ಎಡ ಚಕ್ರ ಇಳಿದು ಹತ್ತುತ್ತದೆ. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ, ನಿಧಾನಕ್ಕೆ ಹತ್ತಿಸುವುದೇ ಗಾಡಿಗೆ ಒಳ್ಳೆಯದು.

ಈಗ ಅಲೈನ್‌ಮೆಂಟ್

ಲೂಸ್ ಇದ್ದದ್ದೆಲ್ಲ ಬದಲಾಯಿಸಿ, ಯು ಬೋಲ್ಟ್ ಟೈಟ್ ಮಾಡಿಸಿ, ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿ ಬನ್ನಿ. ಬರುವ ಮುಂಚೆ ಟೋ ಎಷ್ಟಿದೆ ಅಂತ ನೀವೇ ಒಂದು ಅಂದಾಜು ನೋಡಬಹುದು. ಮುಂದಿನ ಚಕ್ರ ಒಂದೊಂದಾಗಿ ಎತ್ತಿ, ತಿರುಗಿಸುತ್ತಾ, ಕಲ್ಲಿಗೆ ಒರಗಿಸಿದ ಮೊಳೆಯಿಂದ ಟೈರ್ ನಡುವೆ ಸುತ್ತಲೂ ತೆಳ್ಳಗೆ ಗೆರೆ ಎಳೆಯಿರಿ. ಇಳಿಸಿ, ಗಾಡಿ ನಾಲ್ಕು ಅಡಿ ಮುಂದೆ ತಳ್ಳಿ, ಪ್ಲೇಟ್ ಕೂರಲಿ. ಎರಡು ಗೆರೆಗಳ ನಡುವಿನ ದೂರ ಚಕ್ರದ ಮುಂಭಾಗದಲ್ಲಿ ಎಷ್ಟು, ಹಿಂಭಾಗದಲ್ಲಿ ಎಷ್ಟು, ಎರಡನ್ನೂ ಒಂದೇ ಎತ್ತರದಲ್ಲಿ ಅಳೆಯಿರಿ. ಮುಂದೆ ಕಮ್ಮಿ ಇದ್ದರೆ ಟೋ ಇನ್. ಪುಸ್ತಕದಲ್ಲಿ ಕೊಟ್ಟಿರುವುದು ಕೆಲವೇ ಮಿ.ಮೀ. ಇರುತ್ತದೆ.

ಅಂಗಡಿಯಲ್ಲಿ ಮೂರು ವಿಷಯ ಕೇಳಿ. ಸೆನ್ಸರ್ ಹಾಕುವ ಮುಂಚೆ ಆಟ ನೋಡಿದಿರಾ? ನನ್ನ ಗಾಡಿಯ ಮಾಡೆಲ್ಲೇ ಆರಿಸಿದ್ದೀರಾ? ಮೊದಲಿನದು, ಆಮೇಲಿನದು ಎರಡೂ ಇರುವ ಪ್ರಿಂಟ್ ಕೊಡುತ್ತೀರಾ? ಇಡೀ ಆಕ್ಸಲ್ ಇರುವ ಗಾಡಿಗೆ "ಕ್ಯಾಂಬರ್ ಸೆಟ್ ಮಾಡಿದೆ" ಅಂತ ಯಾರಾದರೂ ದುಡ್ಡು ಕೇಳಿದರೆ, ಎಲ್ಲಿ ತಿರುಗಿಸಿದಿರಿ ತೋರಿಸಿ ಅನ್ನಿ. ಅಂಥ ಆಕ್ಸಲ್‌ನಲ್ಲಿ ಟೈ ರಾಡಿನಿಂದ ಟೋ ಮಾತ್ರ ತಿರುಗಿಸಲು ಬರುವುದು. ಕ್ಯಾಂಬರ್ ತಪ್ಪಿದೆ ಅಂದರೆ ಕಿಂಗ್ ಪಿನ್ ಸವೆದಿದೆ, ಬೇರಿಂಗ್ ಲೂಸ್ ಇದೆ, ಇಲ್ಲಾ ಆಕ್ಸಲ್ ಬಾಗಿದೆ.

ಕೆಲಸ ಮುಗಿದ ಮೇಲೆ ಟೈರ್ ಜಾಗ ಬದಲಾಯಿಸಬಹುದು, ಮುಂದೆ ಹಿಂದೆ ಒಂದೇ ಸೈಜ್ ಇದ್ದರೆ. ಚೆನ್ನಾಗಿರುವ ಜೋಡಿ ಮುಂದಕ್ಕಿರಲಿ, ರಿಬಟನ್ ಟೈರ್ (ಹಳೆ ಟೈರಿಗೆ ಹೊಸ ಬಟನ್ ಅಂಟಿಸಿದ್ದು) ಮುಂದಕ್ಕೆ ಬೇಡವೇ ಬೇಡ. ಆಗಲೇ ಅಂಚು ತಿಂದ ಟೈರ್ ಮತ್ತೆ ಸಮ ಆಗುವುದಿಲ್ಲ, ಸದ್ದೂ ಸ್ವಲ್ಪ ದಿನ ಇರುತ್ತದೆ. ಅದನ್ನು ನೋಡಿ ರಿಪೇರಿ ಆಗಿಲ್ಲ ಅಂದುಕೊಳ್ಳಬೇಡಿ. ಆವತ್ತೇ ಹೊಸದಾಗಿ ಅಳೆದು ಬರೆದಿಟ್ಟು, ಸಾವಿರ ಎರಡು ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ವರ್ನಿಯರ್ ಹಿಡಿಯಿರಿ. ಒಳಗೂ ಹೊರಗೂ ಇರುವ ವ್ಯತ್ಯಾಸ ಮೊದಲಿನಷ್ಟೇ ಇದ್ದರೆ ಕಾಯಿಲೆ ನಿಂತಿದೆ. ಇನ್ನೂ ಜಾಸ್ತಿಯಾಗಿದ್ದರೆ ಪ್ರಿಂಟ್ ತೆಗೆದುಕೊಂಡು ಅದೇ ಅಂಗಡಿಗೆ ವಾಪಸ್ ಹೋಗಿ, ಜಾಕಿ ಹಾಕಿಸಿ, ಅಲ್ಲಾಡಿಸಿ ತೋರಿಸಲು ಹೇಳಿ. ಹಾಗೇ ಸ್ಟೆಪ್ನಿಗೂ ಗಾಳಿ ನೋಡಿಸಿಬಿಡಿ.